ಒಂದು ಊರಿನ ವಿದ್ಯೆ: ತಾಯ್‌ಚಿ ಹುಟ್ಟಿದ ಬಗೆ, ಕಲಿಸುವ ಬಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಿಗ್ಗೆ ಶಾಲೆಯ ಆವರಣದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯದ ಮೇಲೆ ಅರ್ಧ ಗಂಟೆ ಮಾತಾಡಿ, ರಾಜಕೀಯ ಮಾತ್ರ ಬೇಡ" ಅಂದರು. ನಾನು ಹದಿನಾಲ್ಕು ವರ್ಷಗಳಿಂದ ದಿನಾ ಬೆಳಿಗ್ಗೆ ಬಿಡದೆ ಮಾಡುತ್ತಿರುವ ಅಭ್ಯಾಸ ಒಂದೇ, ಅದು ತಾಯ್‌ಚಿ. ಅದನ್ನೇ ಆರಿಸಿಕೊಂಡೆ. ಆಹ್ವಾನ ಪತ್ರಿಕೆಯಲ್ಲಿ "ಚೀನಾ ದೇಶದ ಯೋಗ" ಎಂದು ಅಚ್ಚಾಗಿದೆ. ಅಚ್ಚು ಹಾಕಿಸಿದವರು ನನ್ನ ಸ್ನೇಹಿತರೇ, ಬೇಸರ ಮಾಡಿಕೊಳ್ಳಬಾರದು. ಇದು ಯೋಗವಲ್ಲ, ಹೊಡೆದಾಟದ ವಿದ್ಯೆ. ಹುಟ್ಟಿದ್ದು ಹಾಗೆಯೇ, ಬೆಳೆದದ್ದೂ ಹಾಗೆಯೇ. ಆರೋಗ್ಯಕ್ಕೆ ಒಳ್ಳೆಯದು ಎಂಬ ಹೆಸರು ಬಂದದ್ದು ಬಹಳ ತಡವಾಗಿ.

ತಾಯ್‌ಚಿ ಎಂದು ನಾವು ಕರೆಯುವುದು ಅರ್ಧ ಹೆಸರು. ಚೀನೀಯರ ಬಾಯಲ್ಲಿ ಅದು ತಾಯ್‌ಜಿಚುವಾನ್. ಚುವಾನ್ ಎಂದರೆ ಮುಷ್ಟಿ. ತಾಯ್‌ಜಿ ಎನ್ನುವುದು ಅವರ ಹಳೆಯ ತತ್ತ್ವಶಾಸ್ತ್ರದ ಮಾತು. ಒಂದು ಕಪ್ಪು ಮೀನು, ಒಂದು ಬಿಳಿ ಮೀನು ಒಂದರ ಬಾಲವನ್ನೊಂದು ಅಟ್ಟಿಸಿಕೊಂಡು ಹೋಗುವಂತೆ ಕಾಣುವ ದುಂಡನೆಯ ಚಿತ್ರವನ್ನು ನೀವೆಲ್ಲ ಎಲ್ಲಾದರೂ ನೋಡಿರುತ್ತೀರಿ. ಅದೇ ತಾಯ್‌ಜಿಯ ಗುರುತು. ಮೆತ್ತಗಿರುವುದು ಗಟ್ಟಿಯಾಗುತ್ತದೆ, ಗಟ್ಟಿ ಮೆತ್ತಗಾಗುತ್ತದೆ. ತುಂಬಿದ್ದು ಖಾಲಿಯಾಗುತ್ತದೆ, ಖಾಲಿ ತುಂಬುತ್ತದೆ. ಈ ಮಾತನ್ನು ಕೈಕಾಲಿನಲ್ಲಿ ಮಾಡಿ ತೋರಿಸುವ ಮುಷ್ಟಿವಿದ್ಯೆ ಎಂದು ಹೆಸರಿನ ಅರ್ಥ ಹೇಳಬಹುದು.

ಟಿ.ವಿ.ಯಲ್ಲಿ ನೀವು ನೋಡುವ ತಾಯ್‌ಚಿ ಸಾಮಾನ್ಯವಾಗಿ ಬೀಜಿಂಗ್‌ನ ಪಾರ್ಕಿನಲ್ಲಿ ಅಜ್ಜ ಅಜ್ಜಿಯರು ನೀರಿನೊಳಗೆ ನಡೆದ ಹಾಗೆ ನಿಧಾನವಾಗಿ ಕೈ ಆಡಿಸುವ ದೃಶ್ಯ. ಅದು 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ ಜನಸಾಮಾನ್ಯರಿಗೆಂದು ಸಿದ್ಧಪಡಿಸಿದ 24 ಚಲನೆಗಳ ಪಾಠ. ಐದಾರು ನಿಮಿಷದಲ್ಲಿ ಮುಗಿಯುತ್ತದೆ, ಕಲಿಯುವುದೂ ಸುಲಭ. ಅದನ್ನು ಕೀಳು ಮಾಡುವುದಿಲ್ಲ. ಆದರೆ ಅದು ಮರದ ತುದಿಯ ಒಂದು ಹಣ್ಣು. ನಾನು ಬೇರಿನ ಕಡೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಆ ಬೇರು ಇರುವುದು ಬೀಜಿಂಗ್‌ನಲ್ಲಲ್ಲ, ಬೆಟ್ಟದ ಆಶ್ರಮದಲ್ಲೂ ಅಲ್ಲ. ನಮ್ಮದರಂಥ ಒಂದು ಬೇಸಾಯದ ಊರಿನಲ್ಲಿ.

ಚೀನಾದ ಮಧ್ಯಭಾಗದಲ್ಲಿ ಹೆನಾನ್ ಎಂಬ ಪ್ರಾಂತ್ಯವಿದೆ. ಹಳದಿ ನದಿ ಅದರ ನಡುವೆ ಹರಿಯುತ್ತದೆ. ನದಿಯ ಉತ್ತರ ದಡಕ್ಕೆ ವೆನ್ ಎಂಬ ಕೌಂಟಿ, ನಮ್ಮ ತಾಲ್ಲೂಕು ಅಂತ ಇಟ್ಟುಕೊಳ್ಳಿ. ಅಲ್ಲಿನ ಒಂದು ಹಳ್ಳಿ ಚೆನ್‌ಜಿಯಾಗೌ. ಚೆನ್ ಮನೆತನದವರ ಕೊರಕಲು ಎಂದು ಅದರ ಅರ್ಥ. ಮಣ್ಣು ಕೊಚ್ಚಿ ಹೋಗಿ ಆದ ಹಳ್ಳದ ಪಕ್ಕದ ಊರು. ಹೆಸರಿನಲ್ಲೇ ಬಡತನ ಇದೆ ನೋಡಿ. 14ನೇ ಶತಮಾನದ ಕೊನೆಯಲ್ಲಿ, ಮಿಂಗ್ ವಂಶದ ಆಳ್ವಿಕೆ ಶುರುವಾದ ಹೊತ್ತಿಗೆ, ಯುದ್ಧಗಳಿಂದ ಆ ಪ್ರದೇಶದಲ್ಲಿ ಜನವೇ ಉಳಿದಿರಲಿಲ್ಲ. ಸರ್ಕಾರ ಪಕ್ಕದ ಶಾನ್ಸಿ ಪ್ರಾಂತ್ಯದಿಂದ ಜನರನ್ನು ಎಬ್ಬಿಸಿ ತಂದು ಇಲ್ಲಿ ನೆಲೆ ನಿಲ್ಲಿಸಿತು. ಹೊಂಗ್‌ಡೊಂಗ್ ಎಂಬಲ್ಲಿಯ ಒಂದು ದೊಡ್ಡ ಮರದ ಕೆಳಗೆ ಒಟ್ಟು ಸೇರಿಸಿ ಅವರನ್ನು ಕಳಿಸುತ್ತಿದ್ದರಂತೆ. ಉತ್ತರ ಚೀನಾದ ಲಕ್ಷಾಂತರ ಕುಟುಂಬಗಳು ಇವತ್ತಿಗೂ "ನಾವು ಆ ಮರದ ಕಡೆಯವರು" ಅನ್ನುತ್ತವೆ. ಹಾಗೆ ಬಂದವರಲ್ಲಿ ಚೆನ್ ಬು ಎಂಬಾತನೂ ಒಬ್ಬ. ಊರಿನ ಚೆನ್ ಮನೆತನದವರೆಲ್ಲ ಅವನ ಸಂತತಿ.

ಅವನಿಂದ ಒಂಬತ್ತನೇ ತಲೆಮಾರಿನಲ್ಲಿ ಬಂದವನು ಚೆನ್ ವಾಂಗ್‌ಟಿಂಗ್. 1600ರ ಸುಮಾರಿಗೆ ಹುಟ್ಟಿ 1680ರ ಸುಮಾರಿಗೆ ತೀರಿಕೊಂಡ. ಅವನು ಬದುಕಿದ ಕಾಲ ಎಂಥದು ಎಂದು ಸ್ವಲ್ಪ ಯೋಚಿಸಿ. ಬರ, ಕ್ಷಾಮ, ದಂಗೆ. ಹಸಿದ ರೈತರೇ ಗುಂಪು ಕಟ್ಟಿಕೊಂಡು ಊರುಗಳನ್ನು ಲೂಟಿ ಮಾಡುವ ಸ್ಥಿತಿ. ಊರಿನ ರಕ್ಷಣೆಗೆ ಊರಿನವರೇ ದೊಣ್ಣೆ, ಈಟಿ ಹಿಡಿದು ನಿಲ್ಲಬೇಕಿತ್ತು. 1641ರಲ್ಲಿ ಚೆನ್ ವಾಂಗ್‌ಟಿಂಗ್ ಸ್ಥಳೀಯ ಪಡೆಯ ಮುಖ್ಯಸ್ಥನಾಗಿ ವೆನ್ ಕೌಂಟಿಯನ್ನು ದಂಗೆಕೋರರಿಂದ ಕಾಯ್ದ ವಿಚಾರ ಆ ಕೌಂಟಿಯ ದಾಖಲೆಗಳಲ್ಲಿದೆ. ಮೂರೇ ವರ್ಷದಲ್ಲಿ, 1644ರಲ್ಲಿ, ಮಿಂಗ್ ರಾಜ್ಯವೇ ಬಿದ್ದುಹೋಯಿತು; ಮಂಚೂರಿಯಾದವರು ಬಂದು ಛಿಂಗ್ ಆಳ್ವಿಕೆ ಸ್ಥಾಪಿಸಿದರು. ಹೋದ ರಾಜ್ಯದ ಯೋಧನಿಗೆ ಹೊಸ ರಾಜ್ಯದಲ್ಲಿ ಕೆಲಸವಿಲ್ಲ. ಊರಿಗೆ ಬಂದು ಹೊಲ ನೋಡಿಕೊಂಡ, ಬಿಡುವಿನಲ್ಲಿ ತನಗೆ ಗೊತ್ತಿದ್ದ ಹೊಡೆದಾಟದ ವಿದ್ಯೆಯನ್ನೆಲ್ಲ ಕೂಡಿಸಿ ಕ್ರಮಗೊಳಿಸಿ ಮಕ್ಕಳಿಗೆ, ಮೊಮ್ಮಕ್ಕಳಿಗೆ ಕಲಿಸಿದ ಎಂಬುದು ಮನೆತನದವರ ನಂಬಿಕೆ.

ಎಲ್ಲವನ್ನೂ ಅವನೇ ಹೊಸದಾಗಿ ಹುಟ್ಟಿಸಿದನೇ? ಇಲ್ಲ. ಇದು ನನಗೆ ಬಹಳ ಇಷ್ಟವಾದ ಭಾಗ. ಅವನಿಗಿಂತ ಮುಂಚೆ ಛಿ ಜಿಗುವಾಂಗ್ ಎಂಬ ಮಿಂಗ್ ಸೇನಾಪತಿ ಇದ್ದ. ಕರಾವಳಿಗೆ ನುಗ್ಗುತ್ತಿದ್ದ ಕಡಲ್ಗಳ್ಳರ ವಿರುದ್ಧ ಹೋರಾಡಲು ರೈತರ ಮಕ್ಕಳನ್ನು ಸೇರಿಸಿಕೊಂಡು ಪಡೆ ಕಟ್ಟಿದವನು. 1560ರ ಸುಮಾರಿಗೆ ಅವನು ಸೈನಿಕ ತರಬೇತಿಯ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಬರಿಗೈ ಹೊಡೆದಾಟದ 32 ಭಂಗಿಗಳ ಅಧ್ಯಾಯವಿದೆ, ಚಿತ್ರಸಮೇತ. ದೊಡ್ಡ ಯುದ್ಧದಲ್ಲಿ ಬರಿಗೈ ವಿದ್ಯೆಯಿಂದ ಹೆಚ್ಚು ಪ್ರಯೋಜನವಿಲ್ಲ, ಆದರೆ ಕೈಕಾಲು ಪಳಗಲು, ಆಯುಧ ಹಿಡಿಯುವ ಮೊದಲ ಮೆಟ್ಟಿಲಾಗಿ ಇದು ಬೇಕು ಎಂಬುದು ಅವನ ಅಭಿಪ್ರಾಯ. ಆ ಭಂಗಿಗಳ ಹೆಸರು ಕೇಳಿ: ಸೋಮಾರಿಯಾಗಿ ಅಂಗಿ ಸಿಕ್ಕಿಸಿಕೊಳ್ಳುವುದು, ಒಂಟಿ ಚಾವಟಿ, ಚಿನ್ನದ ಹುಂಜ ಒಂಟಿಕಾಲಲ್ಲಿ ನಿಲ್ಲುವುದು. ಈ ಮೂರೂ ಚೆನ್ ಊರಿನ ತಾಯ್‌ಚಿಯಲ್ಲಿ ಇವತ್ತಿಗೂ ಇವೆ. ನಾನು ಈ ಬೆಳಿಗ್ಗೆಯೂ ಮಾಡಿದ್ದೇನೆ. ಅಂದರೆ ಪಕ್ಕದ ಮನೆಯಿಂದ ಹೆಪ್ಪು ತಂದು ನಮ್ಮ ಹಾಲಿಗೆ ಹಾಕಿಕೊಂಡ ಹಾಗೆ, ಆ ಊರಿನವರು ಆಗಿನ ಸೈನಿಕ ವಿದ್ಯೆಯಿಂದ ತೆಗೆದುಕೊಂಡು ತಮ್ಮದನ್ನು ಮಾಡಿಕೊಂಡರು.

ಆದರೆ ನೀವು ಯಾವುದೇ ತಾಯ್‌ಚಿ ತರಗತಿಗೆ ಹೋದರೂ ಮೊದಲು ಕೇಳುವ ಕಥೆ ಇದಲ್ಲ. ಅಲ್ಲಿ ಹೇಳುವುದು ಜಾಂಗ್ ಸಾನ್‌ಫೆಂಗ್ ಎಂಬ ದಾವೋ ಪಂಥದ ಸನ್ಯಾಸಿಯ ಕಥೆ. ವುಡಾಂಗ್ ಬೆಟ್ಟದಲ್ಲಿ ಅವನು ಒಂದು ಹಕ್ಕಿ ಮತ್ತು ಹಾವಿನ ಜಗಳ ನೋಡಿದನಂತೆ. ಹಕ್ಕಿ ನೇರ ಕುಕ್ಕುತ್ತದೆ, ಹಾವು ಬಳುಕಿ ತಪ್ಪಿಸಿಕೊಳ್ಳುತ್ತದೆ. ಅದನ್ನು ನೋಡಿ ತಾಯ್‌ಚಿ ಹೊಳೆಯಿತಂತೆ. ಸೊಗಸಾದ ಕಥೆ. ಜಾಂಗ್ ಸಾನ್‌ಫೆಂಗ್‌ನಿಗೂ ಮುಷ್ಟಿವಿದ್ಯೆಗೂ ಗಂಟು ಹಾಕುವ ಬರಹ ಸಿಗುವುದು 1669ರಲ್ಲಿ, ಹುವಾಂಗ್ ಜೊಂಗ್‌ಷಿ ಎಂಬ ವಿದ್ವಾಂಸ ಬರೆದ ಒಂದು ಸಮಾಧಿ ಲೇಖದಲ್ಲಿ. ಅದರಲ್ಲೂ ತಾಯ್‌ಚಿಯ ಹೆಸರಿಲ್ಲ. ತಾಯ್‌ಚಿಗೆ ಈ ಸನ್ಯಾಸಿಯನ್ನು ಮೂಲಪುರುಷನನ್ನಾಗಿ ಮಾಡಿದ್ದು ಬಹಳ ಈಚಿನವರು.

1930ರ ದಶಕದಲ್ಲಿ ಟಾಂಗ್ ಹಾವ್ ಎಂಬ ವಕೀಲ ಇದನ್ನು ಪರೀಕ್ಷಿಸಲು ಹೊರಟ. ಅವನೂ ಈ ವಿದ್ಯೆ ಕಲಿತವನೇ. ಆದರೆ ವಕೀಲನಲ್ಲವೇ, ಸಾಕ್ಷಿ ಎಲ್ಲಿ ಎಂದು ಕೇಳುವ ಅಭ್ಯಾಸ. ನೇರವಾಗಿ ಚೆನ್‌ಜಿಯಾಗೌಗೆ ಹೋಗಿ ಮನೆತನದ ವಂಶಾವಳಿ ನೋಡಿದ, ಕೌಂಟಿಯ ದಾಖಲೆ ನೋಡಿದ, ಭಂಗಿಗಳ ಹೆಸರನ್ನು ಸೇನಾಪತಿಯ ಪುಸ್ತಕದೊಂದಿಗೆ ಹೋಲಿಸಿದ. ಸನ್ಯಾಸಿಯನ್ನು ಬಿಟ್ಟು ಚೆನ್ ವಾಂಗ್‌ಟಿಂಗ್‌ನ ಹೆಸರು ಹೇಳಿದ. ಅನೇಕರಿಗೆ ಸಿಟ್ಟು ಬಂತು. ಈಗಲೂ ಕೆಲವರಿಗೆ ಬರುತ್ತದೆ. ಚೆನ್ ವಾಂಗ್‌ಟಿಂಗ್‌ನ ಪಾಲೆಷ್ಟು, ಅವನ ಹಿಂದಿನವರ ಪಾಲೆಷ್ಟು ಎಂದು ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೆ ವಿದ್ಯೆಯನ್ನು ತಲೆಮಾರುಗಳ ಕಾಲ ಹೊತ್ತು ತಂದದ್ದು ಆ ಊರು ಎಂಬುದರಲ್ಲಿ ಅನುಮಾನವಿಲ್ಲ.

ಇಲ್ಲಿ ನಿಮ್ಮಲ್ಲಿ ಕೆಲವರು ಕೈ ಎತ್ತುತ್ತೀರಿ ಎಂದು ನನಗೆ ಗೊತ್ತು. "ಸ್ವಾಮಿ, ಇದೆಲ್ಲ ಕಲಿಸಿದ್ದು ನಮ್ಮ ಬೋಧಿಧರ್ಮ ಅಲ್ಲವೇ?" 2011ರಲ್ಲಿ ಸೂರ್ಯ ನಟಿಸಿದ ತಮಿಳು ಸಿನಿಮಾ 'ಏಳಾಂ ಅರಿವು' ಬಂದ ಮೇಲಂತೂ ಈ ಪ್ರಶ್ನೆ ಕೇಳದ ಸಭೆಯೇ ಇಲ್ಲ. ದಕ್ಷಿಣ ಭಾರತದ ರಾಜಕುಮಾರ ಚೀನಾಕ್ಕೆ ಹೋಗಿ ಶಾವೊಲಿನ್ ಮಠದ ಸನ್ಯಾಸಿಗಳಿಗೆ ಯುದ್ಧವಿದ್ಯೆ ಕಲಿಸಿದ ಎಂಬ ಕಥೆ ಕೇಳಲು ನಮಗೆಲ್ಲ ಖುಷಿ. ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಬೋಧಿಧರ್ಮನ ಬಗ್ಗೆ ಅತಿ ಹಳೆಯ ಚೀನೀ ಬರಹಗಳು 6ನೇ ಶತಮಾನದವು. ಒಂದು ಅವನನ್ನು ಪಶ್ಚಿಮ ದೇಶದ ಪರ್ಷಿಯನ್ ಎನ್ನುತ್ತದೆ, ಇನ್ನೊಂದು ದಕ್ಷಿಣ ಭಾರತದ ರಾಜನ ಮೂರನೆಯ ಮಗ ಎನ್ನುತ್ತದೆ. ಎರಡರಲ್ಲೂ ಧರ್ಮವಿದೆ. ಹೊಡೆದಾಟದ ಒಂದು ಮಾತೂ ಇಲ್ಲ. ಅವನು ಕಲಿಸಿದ ಎನ್ನುವ ಸ್ನಾಯು ಬಲಪಡಿಸುವ ವ್ಯಾಯಾಮದ ಪುಸ್ತಕ ಹುಟ್ಟಿದ್ದು 17ನೇ ಶತಮಾನದಲ್ಲಿ, ಅವನು ಸತ್ತು ಸಾವಿರ ವರ್ಷ ಕಳೆದ ಮೇಲೆ. ಅದರ ಹಳೆಯ ಮುನ್ನುಡಿಗಳು ಖೋಟಾ ಎಂಬುದನ್ನು ಚೀನೀ ವಿದ್ವಾಂಸರೇ ತೋರಿಸಿದರು. ಟಾಂಗ್ ಹಾವ್ ಅವರಲ್ಲಿ ಒಬ್ಬ.

ಭಾರತಕ್ಕೂ ಶಾವೊಲಿನ್‌ಗೂ ನಿಜವಾದ ನಂಟು ಇದೆ. ಆ ಮಠವನ್ನು 495ರಲ್ಲಿ ಚಕ್ರವರ್ತಿ ಕಟ್ಟಿಸಿಕೊಟ್ಟದ್ದು ಬಾತುವೊ ಎಂಬ ಭಾರತೀಯ ಭಿಕ್ಷುವಿಗಾಗಿ. ಧ್ಯಾನ ಮಾಡುವವನು, ಪಾಠ ಹೇಳುವವನು. ಅವನ ಬಗ್ಗೆ ಸಿನಿಮಾ ಬಂದಿಲ್ಲ. ನಾವು ಇದ್ದವನನ್ನು ಮರೆತು, ಮಾಡದ ಕೆಲಸಕ್ಕೆ ಇನ್ನೊಬ್ಬನಿಗೆ ಹಾರ ಹಾಕುತ್ತಿದ್ದೇವೆ. ಶಾವೊಲಿನ್ ಇರುವುದು ಚೆನ್ ಊರಿನಿಂದ ಬಹಳ ದೂರವಲ್ಲದ ಜಾಗದಲ್ಲಿ, ಹಳದಿ ನದಿಯ ದಕ್ಷಿಣಕ್ಕೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿರಲಿಲ್ಲ.

ನನಗೆ ಅನಿಸುವುದು ಇಷ್ಟು. ಬೆಟ್ಟದ ಸನ್ಯಾಸಿ, ದೂರದೇಶದ ರಾಜಕುಮಾರ, ಈ ಎರಡು ಕಥೆಯಲ್ಲೂ ಒಂದೇ ಗುಣ ಇದೆ. ಹೊಲ ಉಳುವವನಿಂದ ಇಂಥ ಸೂಕ್ಷ್ಮ ವಿದ್ಯೆ ಹುಟ್ಟಿರಲಾರದು ಎಂಬ ಅಸಡ್ಡೆ. ಆ ಊರಿನವರು ಬೆಳಿಗ್ಗೆ ಹೊಲಕ್ಕೆ ಹೋಗಿ, ಸಂಜೆ ಕಣದಲ್ಲಿ ಅಭ್ಯಾಸ ಮಾಡಿ, ಮಳೆಗಾಲ ಚಳಿಗಾಲ ಎನ್ನದೆ ಹತ್ತಾರು ತಲೆಮಾರು ನಡೆಸಿಕೊಂಡು ಬಂದದ್ದಕ್ಕೆ ಯಾರೋ ಮಹಾತ್ಮನ ಹೆಸರಿನ ಹಣೆಪಟ್ಟಿ ಬೇಕಾಯಿತು.

ಊರಿನಿಂದ ವಿದ್ಯೆ ಹೊರಬಿದ್ದ ಬಗೆ ಸ್ವಾರಸ್ಯವಾಗಿದೆ. ಹದಿನಾಲ್ಕನೇ ತಲೆಮಾರಿನ ಚೆನ್ ಚಾಂಗ್‌ಷಿಂಗ್ (1771–1853) ದೊಡ್ಡ ಗುರು. ಅವನು ನಿಲ್ಲುವುದು ಎಷ್ಟು ನೆಟ್ಟಗೆಂದರೆ, ಹಿರಿಯರ ಪೂಜೆಗೆ ಇಡುವ ನಾಮಫಲಕಕ್ಕೆ ಹೋಲಿಸಿ ಜನ ಅವನಿಗೆ "ಫಲಕದ ಮೇಷ್ಟ್ರು" ಎಂಬ ಅಡ್ಡಹೆಸರು ಇಟ್ಟಿದ್ದರು. ಊರಿನ ನಾಟಕ ನೋಡುವಾಗ ಹಿಂದಿನಿಂದ ಜನ ಎಷ್ಟು ತಳ್ಳಾಡಿದರೂ ಅವನು ಅಲುಗುತ್ತಿರಲಿಲ್ಲವಂತೆ. ಅವನ ಬಳಿಗೆ ಉತ್ತರದ ಯೊಂಗ್‌ನಿಯನ್‌ನಿಂದ ಯಾಂಗ್ ಲೂಚಾನ್ (1799–1872) ಎಂಬ ಬಡ ಹುಡುಗ ಬಂದ. ಮನೆತನದ ಹೊರಗಿನವನು. ಗೋಡೆಯ ಬಿರುಕಿನಿಂದ ಕದ್ದು ನೋಡಿ ಕಲಿತ ಎಂದು ಜನಪ್ರಿಯ ಕಥೆ, ನಮ್ಮ ಏಕಲವ್ಯನ ಹಾಗೆ. ವ್ಯತ್ಯಾಸವೆಂದರೆ ಇಲ್ಲಿನ ಗುರು ಹೆಬ್ಬೆರಳು ಕೇಳಲಿಲ್ಲ, ಒಳಗೆ ಕರೆದು ಕಲಿಸಿದ. ಯಾಂಗ್ ಮುಂದೆ ಬೀಜಿಂಗ್‌ಗೆ ಹೋಗಿ ಮಂಚು ಶ್ರೀಮಂತರ ಮನೆಗಳಲ್ಲಿ ಗುರುವಾದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಹಾರುವುದು, ನೆಲ ಗುದ್ದುವುದು ಎಲ್ಲ ಬಿಟ್ಟು, ವಿಶಾಲವಾಗಿ ಒಂದೇ ವೇಗದಲ್ಲಿ ಹರಿಯುವ ರೂಪ ನೆಲೆಗೊಳಿಸಿದ. ಪೇಟೆಯ ಜನಕ್ಕೆ, ವಯಸ್ಸಾದವರಿಗೆ ಅದು ಒಗ್ಗಿತು. ಮೊದಲು ಹೇಳಿದ 24 ಚಲನೆಗಳ ಪಾಠವೂ ಇದರಿಂದಲೇ ಬಂದದ್ದು.

ಈಗ ಕಲಿಸುವ ಬಗೆಗೆ ಬರುತ್ತೇನೆ. ಮಕ್ಕಳು ಇಷ್ಟು ಹೊತ್ತು ಕಾಯುತ್ತಿದ್ದದ್ದು ಇದಕ್ಕೇ.

ಮೊದಲ ಪಾಠ ನಿಲ್ಲುವುದು. ಬರೀ ನಿಲ್ಲುವುದು. ಪಾದಗಳು ಭುಜದಷ್ಟು ಅಗಲ, ಮಂಡಿ ಸ್ವಲ್ಪ ಬಾಗಿರಬೇಕು, ಎರಡು ಕೈ ಎದೆಯ ಮುಂದೆ ಒಂದು ಮರವನ್ನು ತಬ್ಬಿಕೊಂಡ ಹಾಗೆ. ಭುಜ ಇಳಿದಿರಬೇಕು, ಉಸಿರು ತನ್ನ ಪಾಡಿಗೆ ತಾನು ಹೋಗಬೇಕು. ಎರಡನೇ ನಿಮಿಷಕ್ಕೆ ತೊಡೆ ಉರಿಯುತ್ತದೆ, ಐದನೇ ನಿಮಿಷಕ್ಕೆ ನಡುಗುತ್ತದೆ. ಗುರು ಬಂದು ಹೇಳುವುದು ಒಂದೇ ಶಬ್ದ: ಸೊಂಗ್. ಸಡಿಲ ಬಿಡು ಎಂದು ಅರ್ಥ. ಕುಸಿದು ಬೀಳುವ ಸಡಿಲವಲ್ಲ. ನೊಗದ ಹಗ್ಗವನ್ನು ಎಷ್ಟು ಬೇಕೋ ಅಷ್ಟೇ ಬಿಗಿದು ಉಳಿದದ್ದನ್ನು ಬಿಡುವಂಥದ್ದು. ನಿಲ್ಲಲು ಬೇಕಾದ ಸ್ನಾಯುಗಳು ಕೆಲಸ ಮಾಡಬೇಕು, ಬೇಡದವು ಸುಮ್ಮನಿರಬೇಕು. ನಮ್ಮ ಮೈಯಲ್ಲಿ ಬೇಡದೆ ಬಿಗಿದುಕೊಂಡಿರುವುದು ಎಷ್ಟು ಎಂದು ಗೊತ್ತಾಗುವುದೇ ಹೀಗೆ ನಿಂತಾಗ.

ಎರಡನೆಯದನ್ನು ವಿವರಿಸಲು ಈ ಊರಿಗಿಂತ ಒಳ್ಳೆಯ ಜಾಗ ನನಗೆ ಸಿಗಲಾರದು. ಅದರ ಹೆಸರು ಚಾನ್‌ಸಿಜಿನ್. ರೇಷ್ಮೆ ನೂಲು ಸುತ್ತುವ ಶಕ್ತಿ. ಪೇಟೆಯಲ್ಲಿ ಕಲಿಸುವಾಗ ನನ್ನ ಗುರುಗಳು ಇದಕ್ಕೆ ಅರ್ಧ ಗಂಟೆ ವಿವರಣೆ ಕೊಡಬೇಕಾಗುತ್ತಿತ್ತು. ಇಲ್ಲಿ ಹಿಪ್ಪುನೇರಳೆ ಬೆಳೆಯದ ಮನೆಯೇ ಇಲ್ಲ, ಗೂಡಿನ ಮಾರುಕಟ್ಟೆಗೆ ಹೋಗದ ಹುಡುಗರಿಲ್ಲ. ನೂಲು ಬಿಚ್ಚಾಣಿಕೆ ಮಾಡುವವರು ನಿಮ್ಮಲ್ಲೇ ಇದ್ದೀರಿ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಅಂಟು ಸಡಿಲವಾದ ಮೇಲೆ ಎಳೆಯ ತುದಿ ಹುಡುಕಿ ಎಳೆಯುತ್ತೀರಿ. ಜಗ್ಗಿದರೆ ಕಡಿಯುತ್ತದೆ. ಬಿಟ್ಟರೆ ಗೋಜಲಾಗುತ್ತದೆ. ಒಂದೇ ಸಮನೆ, ತಿರುಗಿಸುತ್ತಾ ಎಳೆದರೆ ಒಂದು ಗೂಡಿನಿಂದ ನೂರಾರು ಮೀಟರ್ ಎಳೆ ಬರುತ್ತದೆ. ರೇಷ್ಮೆ ಜಗತ್ತಿಗೆ ಬಂದದ್ದು ಚೀನಾದಿಂದ. ಆ ಜನಕ್ಕೆ ಈ ಅನುಭವ ಕೈಯಲ್ಲೇ ಇತ್ತು. ಅದನ್ನೇ ತಾಲೀಮಿಗೆ ತಂದರು.

ಮಾಡುವುದು ಹೇಗೆ? ಒಂದು ಕೈಯನ್ನು ಮುಂದೆ ದೊಡ್ಡ ವೃತ್ತದಲ್ಲಿ ತಿರುಗಿಸಬೇಕು. ಆದರೆ ಕೈ ತಾನೇ ತಿರುಗಬಾರದು. ಕಾಲು ನೆಲವನ್ನು ಒತ್ತುತ್ತದೆ, ಆ ಒತ್ತಡ ಸೊಂಟಕ್ಕೆ ಬಂದು ತಿರುಗುತ್ತದೆ, ಸೊಂಟ ಬೆನ್ನನ್ನು, ಬೆನ್ನು ಭುಜವನ್ನು, ಭುಜ ಮೊಣಕೈಯನ್ನು, ಮೊಣಕೈ ಬೆರಳ ತುದಿಯನ್ನು ತಿರುಗಿಸುತ್ತದೆ. ಹಗ್ಗ ಹೊಸೆಯುವಾಗ ತಿರುಚು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಹಾಗೆ. ಎಲ್ಲಿಯಾದರೂ ಜಗ್ಗಿದರೆ ಎಳೆ ಕಡಿಯಿತು ಎಂದು ಲೆಕ್ಕ. ಭುಜ ಮುಂಚೆ ಹೊರಟರೂ ಕಡಿಯಿತು, ಸೊಂಟ ನಿಂತರೂ ಕಡಿಯಿತು. ಒಂದು ಕೈಯ ಒಂದೇ ವೃತ್ತವನ್ನು ನನ್ನಿಂದ ಮೂರು ತಿಂಗಳು ಮಾಡಿಸಿದರು. ಈ ತತ್ತ್ವವನ್ನು ಬರಹಕ್ಕೆ ಇಳಿಸಿದವನು ಚೆನ್ ಷಿನ್ ಎಂಬ ಆ ಊರಿನ ಪಂಡಿತ. ಹನ್ನೆರಡು ವರ್ಷ ಕೂತು ಚಿತ್ರಗಳ ಸಮೇತ ಬರೆದ. ಪುಸ್ತಕ ಅಚ್ಚಾದದ್ದು 1933ರಲ್ಲಿ, ಅವನು ತೀರಿಕೊಂಡು ನಾಲ್ಕು ವರ್ಷವಾದ ಮೇಲೆ.

ಮೂರನೆಯದು ಚಲನೆಗಳ ಸರಣಿ. ಚೆನ್ ಊರಿನ ಹಳೆಯ ಪದ್ಧತಿಯ ಮೊದಲ ಸರಣಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಚಲನೆಗಳು. ಹೆಚ್ಚಿನ ಭಾಗ ನಿಧಾನ, ನಡುನಡುವೆ ಸಿಡಿಲಿನ ಹಾಗೆ ಒಂದು ಹೊಡೆತ, ನೆಲ ನಡುಗುವ ಒಂದು ತುಳಿತ. ನಿಧಾನ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಸೈಕಲ್ಲನ್ನು ವೇಗವಾಗಿ ಓಡಿಸುವುದು ಸುಲಭ, ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಕಾಲೂರದೆ ಇರುವುದು ಕಷ್ಟ. ನಿನ್ನೆ ಈ ಮೈದಾನದಲ್ಲಿ ಅದನ್ನೇ ನೋಡಿ ನಕ್ಕಿದ್ದೀರಿ. ವೇಗದಲ್ಲಿ ಮುಚ್ಚಿಹೋಗುವ ವಾಲಾಟ, ಬಿಗಿತ, ಅವಸರ ಎಲ್ಲ ನಿಧಾನದಲ್ಲಿ ಎದ್ದು ಕಾಣುತ್ತವೆ. ಕಂಡದ್ದನ್ನು ತಿದ್ದಬಹುದು.

ಈ ಸರಣಿಯ ಬಗ್ಗೆ ಒಂದು ಕಥೆ ಹೇಳಲೇಬೇಕು. ಚೆನ್ ಫಾಕೆ (1887–1957) ಎಂಬಾತ 1928ರಲ್ಲಿ ಬೀಜಿಂಗ್‌ಗೆ ಹೋಗಿ ಚೆನ್ ಊರಿನ ಮೂಲ ಪದ್ಧತಿಯನ್ನು ಹೊರಜಗತ್ತಿಗೆ ತೋರಿಸಿದವನು. ಅವನು ಚಿಕ್ಕಂದಿನಲ್ಲಿ ರೋಗಿಷ್ಠ, ಅಭ್ಯಾಸದಲ್ಲಿ ಸೋಮಾರಿ. ಇಂಥ ಮನೆತನದ ವಿದ್ಯೆ ಇವನ ಕೈಯಲ್ಲಿ ಕೊನೆಯಾಗುತ್ತದೆ ಎಂದು ಮನೆಯವರು ಮಾತಾಡಿಕೊಳ್ಳುವುದು ಅವನ ಕಿವಿಗೆ ಬಿತ್ತು. ಜೊತೆಗೆ ಒಬ್ಬ ದಾಯಾದಿ ಅಣ್ಣ ಇದ್ದ, ಗಟ್ಟಿಗ. ತಾನೆಷ್ಟು ಮಾಡಿದರೂ ಅವನೂ ಮಾಡುತ್ತಿರುತ್ತಾನೆ, ಮೀರಿಸುವುದು ಹೇಗೆ? ಒಂದು ದಿನ ಇಬ್ಬರೂ ಹೊಲಕ್ಕೆ ಹೋಗುವಾಗ ಏನನ್ನೋ ಮನೆಯಲ್ಲಿ ಮರೆತದ್ದು ನೆನಪಾಯಿತು. "ನೀನು ಓಡಿಹೋಗಿ ತಾ, ನಾನು ನಿಧಾನ ನಡೆಯುತ್ತಿರುತ್ತೇನೆ" ಎಂದು ಅಣ್ಣ ಹೇಳಿದ. ಹುಡುಗ ಓಡಿಹೋಗಿ ತಂದು, ಓಡಿಬಂದು ಅಣ್ಣನನ್ನು ಸೇರಿಕೊಂಡ. ಆಗ ತಲೆಗೆ ಬಂತು: ಅವನು ಒಂದು ಸಲ ಮಾಡುವಾಗ ನಾನು ಹಲವು ಸಲ ಮಾಡಿದರೆ ಹಿಡಿಯಬಹುದಲ್ಲ! ಯಾರಿಗೂ ಹೇಳದೆ ಅಭ್ಯಾಸ ಹೆಚ್ಚಿಸಿದ. ಮೂರು ವರ್ಷದ ಮೇಲೆ ಅಣ್ಣನನ್ನು ಪಂದ್ಯಕ್ಕೆ ಕರೆದು ಕೆಡವಿದ. ಇದು ಅವನ ಶಿಷ್ಯರು ಹೇಳಿಕೊಂಡು ಬಂದ ಕಥೆ. ಅವನು ದಿನಕ್ಕೆ ಇಪ್ಪತ್ತು ಮೂವತ್ತು ಸಲ ಸರಣಿ ಮಾಡುತ್ತಿದ್ದ ಎನ್ನುತ್ತಾರೆ. ಒಂದು ಸಲ ಸರಿಯಾಗಿ ಮಾಡಿದರೆ ನನಗೆ ಅಂಗಿ ಒದ್ದೆಯಾಗುತ್ತದೆ.

ಎರಡನೇ ಸರಣಿಯ ಹೆಸರು ಫಿರಂಗಿ ಮುಷ್ಟಿ. ಅದರಲ್ಲಿ ನಿಧಾನವೇ ಕಡಿಮೆ. ಹಾರುವುದು, ತಿರುಗುವುದು, ಸಾಲು ಹೊಡೆತ. ಕತ್ತಿ, ಈಟಿ, ಉದ್ದ ಹಿಡಿಯ ದೊಡ್ಡ ಖಡ್ಗ ಇವೂ ಉಂಟು. ಇವುಗಳ ಜೊತೆಗೆ ಮೂರು ಮೀಟರಿಗೂ ಉದ್ದದ, ಬಳುಕುವ ಒಂದು ಗಳು. ಅದರ ಬುಡ ಹಿಡಿದು ಸೊಂಟದಿಂದ ಒಂದು ಸಲ ಅದುರಿಸಿದರೆ ಆ ಅದುರು ತುದಿಯವರೆಗೂ ಹೋಗಬೇಕು. ಕೈ ಬಲದಿಂದ ಮಾಡಿದರೆ ಗಳುವಿನ ನಡುವೆಯೇ ಸಾಯುತ್ತದೆ. ಗರಡಿಯಲ್ಲಿ ಗದೆ ತಿರುಗಿಸಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಇಷ್ಟಾದರೂ ಇದು ಒಬ್ಬನೇ ಮಾಡುವ ಅಭ್ಯಾಸ. ಹೊಡೆದಾಟಕ್ಕೆ ಇನ್ನೊಬ್ಬ ಬೇಕು. ಅದಕ್ಕೆ ತುಯಿಶೌ, ಅಂದರೆ ಕೈ ತಳ್ಳುವ ಅಭ್ಯಾಸ. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ವೃತ್ತ ಸುತ್ತುತ್ತಾರೆ. ಒಬ್ಬ ತಳ್ಳುತ್ತಾನೆ, ಇನ್ನೊಬ್ಬ ಎದುರು ತಳ್ಳದೆ ಆ ಬಲವನ್ನು ಪಕ್ಕಕ್ಕೆ ಹರಿಸುತ್ತಾನೆ, ತಳ್ಳಿದವನೇ ಮುಗ್ಗರಿಸುತ್ತಾನೆ. ಇಲ್ಲಿ ಪಳಗುವುದು ಚರ್ಮ. ಎದುರಾಳಿಯ ತೂಕ ಯಾವ ಕಾಲಿನ ಮೇಲಿದೆ, ಅವನು ಈಗ ತಳ್ಳುತ್ತಾನೋ ಎಳೆಯುತ್ತಾನೋ ಎಂದು ಮುಟ್ಟಿದ ಕೈಯಿಂದ ತಿಳಿಯುವುದಕ್ಕೆ ಅವರು ಇಟ್ಟ ಹೆಸರು "ಕೇಳಿಸಿಕೊಳ್ಳುವುದು". ಕಿವಿಯಿಂದಲ್ಲ, ಕೈಯಿಂದ ಕೇಳಿಸಿಕೊಳ್ಳುವುದು. ಕುಸ್ತಿ ಆಡಿದ ಹಿರಿಯರು ಇಲ್ಲಿದ್ದೀರಿ, ನಿಮಗಿದು ಹೊಸದಲ್ಲ.

ಒಂದು ಎಚ್ಚರಿಕೆ, ಮುಖ್ಯವಾಗಿ ಐವತ್ತು ದಾಟಿದವರಿಗೆ. ತಾಯ್‌ಚಿ ಮೃದು ಎಂದು ನಂಬಿ ಮಂಡಿ ಕೆಡಿಸಿಕೊಂಡವರು ಬಹಳ. ಮೈ ತಿರುಗಿಸುವಾಗ ಮಂಡಿ ಪಾದದ ದಿಕ್ಕಿನಲ್ಲೇ ಇರಬೇಕು, ಒಳಕ್ಕೆ ಕುಸಿಯಬಾರದು. ತಿರುಗಬೇಕಾದದ್ದು ಸೊಂಟದ ಕೀಲು. ನೋವಿದ್ದರೆ ಎತ್ತರದಲ್ಲಿ ನಿಂತು ಮಾಡಿ. ಎಷ್ಟು ಕೆಳಗೆ ಕೂತರು ಎಂದು ಯಾರೂ ಬಹುಮಾನ ಕೊಡುವುದಿಲ್ಲ.

ಇದರ ಹೆಸರಿನಲ್ಲಿ ನಡೆಯುವ ಬಡಾಯಿಯನ್ನೂ ಹೇಳಿಬಿಡುತ್ತೇನೆ. ಮುಟ್ಟದೆ ಎದುರಾಳಿಯನ್ನು ಹಾರಿಸುವ ಗುರುಗಳ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. 2017ರಲ್ಲಿ ಚೀನಾದಲ್ಲಿ ಷು ಷಿಯಾವೊಡೊಂಗ್ ಎಂಬ ಮಿಶ್ರ ಸಮರಕಲೆಯ ಆಟಗಾರ, ತಾಯ್‌ಚಿ ಗುರು ಎಂದು ಹೇಳಿಕೊಂಡ ಒಬ್ಬನನ್ನು ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕೆ ಕೆಡವಿದ. ದೊಡ್ಡ ಗಲಾಟೆಯಾಯಿತು. ನನಗೆ ಆಶ್ಚರ್ಯವಾಗಲಿಲ್ಲ. ದಿನಾ ಏಟು ತಿಂದು, ಏಟು ಕೊಟ್ಟು ಅಭ್ಯಾಸ ಮಾಡುವವನ ಮುಂದೆ ಸರಣಿ ಮಾತ್ರ ಮಾಡಿದವನು ನಿಲ್ಲಲಾರ. ಹಳೆಯ ಚೆನ್ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಎದುರಾಳಿ ಲೂಟಿಗೆ ಬಂದ ದರೋಡೆಕೋರ. ಆರೋಗ್ಯದ ಬಗ್ಗೆಯೂ ಅಷ್ಟೇ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲ ಹೋಗುತ್ತದೆ ಎನ್ನುವವರನ್ನು ದೂರ ಇಡಿ. ಆದರೆ ಬೀಳದೆ ನಡೆಯುವುದಕ್ಕೆ ಇದು ಸಹಾಯ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. 2012ರಲ್ಲಿ ಅಮೆರಿಕದ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಪಾರ್ಕಿನ್ಸನ್ ಕಾಯಿಲೆಯ 195 ಜನರನ್ನು ಮೂರು ಗುಂಪು ಮಾಡಿ 24 ವಾರ ಅಭ್ಯಾಸ ಮಾಡಿಸಿದರು. ತಾಯ್‌ಚಿ ಮಾಡಿದ ಗುಂಪಿನವರ ಸಮತೋಲ, ಭಾರ ಎತ್ತುವ ವ್ಯಾಯಾಮ ಮತ್ತು ಮೈ ಹಿಗ್ಗಿಸುವ ವ್ಯಾಯಾಮ ಮಾಡಿದ ಗುಂಪುಗಳಿಗಿಂತ ಉತ್ತಮವಾಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಹಾಗಾಗಿ ಇದು ಸಣ್ಣ ಲಾಭವಲ್ಲ.

ಕೊನೆಯದಾಗಿ, ಈ ವಿದ್ಯೆ ತನ್ನ ಊರಿನಲ್ಲೇ ಸತ್ತುಹೋಗುವುದರಲ್ಲಿತ್ತು ಎಂಬುದನ್ನು ಹೇಳಬೇಕು. ಯುದ್ಧ, 1942ರ ಭೀಕರ ಕ್ಷಾಮ, ಆಮೇಲಿನ ಕಷ್ಟಗಳು. ಹೊಟ್ಟೆಗಿಲ್ಲದವನು ತಾಲೀಮು ಮಾಡುವುದು ಹೇಗೆ? ಕಲಿತವರು ಹೊಟ್ಟೆಪಾಡಿಗೆ ಪೇಟೆ ಸೇರಿದರು. ಚೆನ್ ಜಾವೊಪಿ ಎಂಬಾತನೂ ಹಾಗೆ ಹೋದವನು. ಬೀಜಿಂಗ್, ನಾನ್‌ಜಿಂಗ್‌ನಲ್ಲಿ ವಿದ್ಯೆ ಕಲಿಸಿ ಹೆಸರು ಮಾಡಿ, ಆಮೇಲೆ ಹಳದಿ ನದಿಯ ನೀರಾವರಿ ಇಲಾಖೆಯಲ್ಲಿ ಕೆಲಸಕ್ಕಿದ್ದ. 1958ರಲ್ಲಿ ಊರಿಗೆ ಬಂದಾಗ ನೋಡಿದರೆ, ಕಣದಲ್ಲಿ ಅಭ್ಯಾಸ ಮಾಡುವ ಯುವಕರೇ ಇಲ್ಲ. ಅವನಿಗಾಗ 65 ವರ್ಷ. ಕೆಲಸ ಬಿಟ್ಟು ಊರಿನಲ್ಲೇ ಉಳಿದ. ಹುಡುಗರನ್ನು ಸೇರಿಸಿಕೊಂಡು ಮೊದಲಿನಿಂದ ಶುರು ಮಾಡಿದ. ಎಂಟು ವರ್ಷ ಕಳೆಯುವುದರೊಳಗೆ ಸಾಂಸ್ಕೃತಿಕ ಕ್ರಾಂತಿ ಬಂತು. ಹಳೆಯದೆಲ್ಲ ಅಪರಾಧವಾಯಿತು. ಮುದುಕನನ್ನು ಎಲ್ಲರೆದುರು ಅವಮಾನ ಮಾಡಿದರು. ಆದರೂ ರಾತ್ರಿ, ಸದ್ದಿಲ್ಲದೆ, ಅಭ್ಯಾಸ ನಡೆಯಿತು. 1972ರಲ್ಲಿ ಅವನು ತೀರಿಕೊಂಡ. ಹುಡುಗರ ಕಲಿಕೆ ಇನ್ನೂ ಮುಗಿದಿರಲಿಲ್ಲ. ಚೆನ್ ಫಾಕೆಯ ಮಗ ಚೆನ್ ಜಾವೊಕುಯಿ ಬೀಜಿಂಗ್‌ನಿಂದ ಊರಿಗೆ ಬಂದು ಹೋಗಿ ಮುಂದುವರಿಸಿದ.

ಆ ಹುಡುಗರಲ್ಲಿ ನಾಲ್ವರು, ಚೆನ್ ಷಿಯಾವೊವಾಂಗ್, ಚೆನ್ ಜೆಂಗ್‌ಲೇ, ವಾಂಗ್ ಷಿಯಾನ್, ಜು ಟಿಯಾನ್‌ಸಾಯ್, ಇವತ್ತು ತಾಯ್‌ಚಿ ಲೋಕದ ದೊಡ್ಡ ಹೆಸರುಗಳು. ಕೊನೆಯ ಇಬ್ಬರು ಚೆನ್ ಮನೆತನದವರೇ ಅಲ್ಲ ಎಂಬುದನ್ನು ಗಮನಿಸಿ. ಒಬ್ಬರು ಆಸ್ಟ್ರೇಲಿಯಾದಲ್ಲಿ ನೆಲೆಸಿದರು, ಎಲ್ಲರೂ ದೇಶದೇಶ ತಿರುಗಿ ಕಲಿಸಿದರು. ಊರಿನ ತುಂಬ ಈಗ ತಾಯ್‌ಚಿ ಶಾಲೆಗಳು, ಬಸ್ಸಿನಲ್ಲಿ ಬರುವ ವಿದೇಶಿಯರು. 2016ರಲ್ಲಿ ನಮ್ಮ ಯೋಗ ಸೇರಿದ ಯುನೆಸ್ಕೊ ಪಟ್ಟಿಗೆ 2020ರಲ್ಲಿ ತಾಯ್‌ಚಿಯೂ ಸೇರಿತು.

ಸಮಿತಿಯವರು ಗಡಿಯಾರ ತೋರಿಸುತ್ತಿದ್ದಾರೆ. ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆಯಂತೆ. ನಿಂತು ನೋಡಬೇಕು ಎನ್ನುವವರು ಎಂಟನೇ ತರಗತಿ ಕೋಣೆಯ ಪಕ್ಕದ ಬೇವಿನ ಮರದ ಕೆಳಗೆ ಬನ್ನಿ. ಚಪ್ಪಲಿ ಬಿಟ್ಟು ಬನ್ನಿ, ಸೀರೆ ಪಂಚೆ ಏನಿದ್ದರೂ ಅಡ್ಡಿಯಿಲ್ಲ. ಮಂಡಿನೋವು ಇರುವವರು ಮೊದಲೇ ನನಗೆ ಹೇಳಿ. ಐದು ನಿಮಿಷ ನಿಲ್ಲೋಣ, ಆಮೇಲೆ ಒಂದು ಕೈಯ ವೃತ್ತ ತೋರಿಸುತ್ತೇನೆ. ನೂಲು ಬಿಚ್ಚುವ ಕೈಯವರು ದಯವಿಟ್ಟು ಮುಂದಿನ ಸಾಲಿಗೆ ಬನ್ನಿ.